ಲೆಕ್ಕ ತಪ್ಪಿದರೆ ಕನ್ನಡ ಹೊಣೆಯೇ?



"ಕನ್ನಡದಲ್ಲಿ ಕಲಿತವರಿಗೆ ರಸಾಯನಶಾಸ್ತ್ರದ ಲೆಕ್ಕ ಹತ್ತುವುದಿಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ನಾನಂತೂ ರಕ್ಷಕರ ಸಭೆಯಲ್ಲಿ ವರ್ಷವರ್ಷವೂ ಕೇಳುತ್ತಿದ್ದೇನೆ. ಮಕ್ಕಳ ಲೆಕ್ಕ ತಪ್ಪುತ್ತಿರುವುದು ನಿಜ. ಅದಕ್ಕೆ ಭಾಷೆ ಕಾರಣವೆಂಬುದು ಮಾತ್ರ ಶುದ್ಧ ಸುಳ್ಳು.

ಒಂದು ಪ್ರಶ್ನೆ ಕೊಟ್ಟು ನೋಡಿ: 18 ಗ್ರಾಂ ನೀರಿನಲ್ಲಿ ಎಷ್ಟು ಪರಮಾಣುಗಳಿವೆ? ಹೆಚ್ಚಿನ ಮಕ್ಕಳು ಅವೊಗಾಡ್ರೊ ಸಂಖ್ಯೆಯನ್ನು, ಅಂದರೆ 6.022 ಗುಣಿಸು 10ರ 23ನೆಯ ಘಾತ ಎಂದು ಬರೆದು ಪೆನ್ನು ಕೆಳಗಿಡುತ್ತಾರೆ. ಅದು ಅಣುಗಳ ಸಂಖ್ಯೆ. ನೀರಿನ ಒಂದು ಅಣುವಿನಲ್ಲಿ ಎರಡು ಹೈಡ್ರೊಜನ್, ಒಂದು ಆಕ್ಸಿಜನ್. ಉತ್ತರ ಅದರ ಮೂರು ಪಟ್ಟು. ಮೂರರ ಮಗ್ಗಿ ಬಾರದ ಮಕ್ಕಳೇ ಇವರು? ಅಣು ಯಾವುದು, ಪರಮಾಣು ಯಾವುದು ಎಂದು ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೆ. ಪತ್ರಿಕೆಯವರು 'ಅಣುಬಾಂಬ್', 'ಅಣುಸ್ಥಾವರ' ಎನ್ನುತ್ತಾರೆ. ಅಲ್ಲಿ ಅಣುವೆಂದರೆ ಪಾಠಪುಸ್ತಕದ ಪರಮಾಣು. ಕಾಸರಗೋಡಿನ ನಮ್ಮ ಮಕ್ಕಳಿಗೆ ಇನ್ನೂ ಒಂದು ತೊಡಕು: ಕನ್ನಡ ಬಾರದ ಅಧ್ಯಾಪಕರು ಬಂದರೆ, ಪುಸ್ತಕದಲ್ಲಿ 'ಅಣು' ಎಂದಿರುವುದನ್ನು ಅವರು ಮಲಯಾಳದ 'ತನ್ಮಾತ್ರ' ಎಂದು ಹೇಳಿಕೊಡುತ್ತಾರೆ. ಮಗು ಯಾವುದನ್ನು ಎಣಿಸಬೇಕು?

ತಪ್ಪು ಕನ್ನಡ ಬಲ್ಲ ನಮ್ಮಲ್ಲೂ ಇದೆ. 'ಉಪ್ಪಿನ ಒಂದು ಅಣು' ಎಂದು ನಾನೇ ವರ್ಷಗಟ್ಟಲೆ ಹೇಳಿದ್ದೇನೆ. ಉಪ್ಪಿನ ಹರಳಿನಲ್ಲಿ ಬಿಡಿ ಅಣುಗಳೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಅಯಾನಿಕ ಬಂಧವೆಂದರೆ ಈ ಅಯಾನುಗಳ ನಡುವಿನ ಸೆಳೆತ. ಇದನ್ನು ಹೇಳದೆ 58.5 ಗ್ರಾಂ ಎಂಬ ಅಂಕಿಯನ್ನು ಉರು ಹೊಡೆಸಿ ಏನು ಪ್ರಯೋಜನ?

ಅನಿಲಗಳ ಪಾಠದಲ್ಲೂ ಇದೇ ಗತಿ. 27 ಡಿಗ್ರಿ ಸೆಲ್ಸಿಯಸಿನಲ್ಲಿ 300 ಮಿಲಿಲೀಟರ್ ಗಾಳಿಯಿದೆ. ಒತ್ತಡ ಬದಲಾಗದೆ ತಾಪ 54 ಡಿಗ್ರಿ ಆದರೆ ಗಾತ್ರವೆಷ್ಟು? ಚಾರ್ಲ್ಸ್ ನಿಯಮವನ್ನು ತಡವರಿಸದೆ ಒಪ್ಪಿಸುವ ಹುಡುಗಿ 600 ಎಂದು ಬರೆಯುತ್ತಾಳೆ. ಗದರಿಸಬೇಡಿ. "ಹಾಗಾದರೆ ಸೊನ್ನೆ ಡಿಗ್ರಿಯಲ್ಲಿ ಬೆಲೂನಿನ ಗಾಳಿ ಪೂರ್ತಿ ಮಾಯವಾಗಬೇಕಲ್ಲ ಮಗೂ?" ಎಂದು ಕೇಳಿ. ತರಗತಿಯೇ ನಗುತ್ತದೆ. ಸೆಲ್ಸಿಯಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತು. ಅನಿಲದ ಲೆಕ್ಕದ ಸೊನ್ನೆ ಅದಕ್ಕಿಂತ 273 ಡಿಗ್ರಿ ಕೆಳಗಿದೆ. ತಾಪ ಏರಿದ್ದು 300 ಕೆಲ್ವಿನ್‌ನಿಂದ 327ಕ್ಕೆ, ಗಾತ್ರ 327 ಮಿಲಿಲೀಟರ್. ಆ ನಗು, ಆ ಪ್ರಶ್ನೆ ಮಗುವಿನ ಮಾತಿನಲ್ಲಲ್ಲದೆ ಬೇರೆ ಯಾವುದರಲ್ಲಿ ಸಾಧ್ಯ ಹೇಳಿ?

ನಮ್ಮ ನೆರೆಮನೆಯ ಹುಡುಗ ಆಂಗ್ಲ ಮಾಧ್ಯಮದವನು. ಇದೇ ಲೆಕ್ಕ ಕೊಟ್ಟೆ. ಅವನೂ 600 ಎಂದೇ ಬರೆದ. ಮುಂದಿನ ಸಭೆಯಲ್ಲಿ ಯಾರಾದರೂ ಆ ಹಳೆಯ ಮಾತು ತೆಗೆದರೆ ಉತ್ತರಪತ್ರಿಕೆ ತರಿಸಿ, ಮಗು ಎಲ್ಲಿ ಎಡವಿತೆಂದು ತೋರಿಸಲು ಕೇಳಿ. ವಿಜ್ಞಾನಕ್ಕೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂಬ ಮನವಿಗೆ ಅಲ್ಲೇ ಸಹಿ ಹಾಕಿಸಿ.