ಎಂಬತ್ತು ಚೂರುಗಳಲ್ಲಿ ಅಜ್ಜಿಯ ಚಿತ್ರ

ಮೈಸೂರಿನ ನಮ್ಮ ಹಳೆಯ ಮನೆಯ ಅಟ್ಟದಿಂದ ಕಳೆದ ತಿಂಗಳು ಒಂದು ಟ್ರಂಕನ್ನು ಇಳಿಸಿದೆವು. ಒಳಗೆ ಕಪ್ಪು ಹಾಳೆಗಳ ನಾಲ್ಕು ಆಲ್ಬಮ್ಮುಗಳು. ಒಂದರ ಎರಡು ಪುಟಗಳನ್ನು ಆಗಲೇ ಗೆದ್ದಲು ತಿಂದಿತ್ತು. ಅಣ್ಣನ ಮಗಳು ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಡಲು ಒಪ್ಪಿದಳು. ಆದರೆ ಮಾಡಿದ ಮೇಲೆ ಇಡುವುದೆಲ್ಲಿ? ನ್ಯೂಜೆರ್ಸಿಯ ತಂಗಿಯೂ ಮುಂಬಯಿಯ ಭಾವನವರೂ ಕುಳಿತಲ್ಲಿಂದಲೇ ನೋಡುವಂತಾಗಬೇಕು.

“ಪುಕ್ಕಟೆ ಇಟ್ಟುಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರಲ್ಲ, ಮಗೂ?” ಎಂದೆ.

“ಅವರನ್ನು ನಂಬಿದವರ ಪಾಡು ನಿಮಗೆ ಗೊತ್ತಿಲ್ಲ, ಚಿಕ್ಕಪ್ಪ” ಎಂದಳು. ಫೋಟೋಬಕೆಟ್ ಎಂಬ ಸಂಸ್ಥೆ 2017ರಲ್ಲಿ, ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ತೆರಬೇಕೆಂದಿತು. ಅಸಂಖ್ಯ ಪುಟಗಳಲ್ಲಿ ಚಿತ್ರವಿದ್ದ ಜಾಗದಲ್ಲಿ ಹಣ ಕೇಳುವ ಫಲಕವೊಂದು ಬಂದು ನಿಂತಿತು. 2019ರಲ್ಲಿ ಮೈಸ್ಪೇಸ್, ಸರ್ವರ್‌ಗಳನ್ನು ಬದಲಿಸುವಾಗ ಹಳೆಯ ಹಾಡು, ಚಿತ್ರಗಳು ಕಳೆದುಹೋದುವೆಂದು ಒಪ್ಪಿಕೊಂಡಿತು.

ಅವಳು ಆರಿಸಿದ್ದು ಸ್ಟೋರ್ಜ್ ಎಂಬ ವ್ಯವಸ್ಥೆಯನ್ನು. ಇದರಲ್ಲಿ ಒಂದೇ ದೊಡ್ಡ ಉಗ್ರಾಣವಿಲ್ಲ. ಹಲವು ದೇಶಗಳಲ್ಲಿ ಬೇರೆ ಬೇರೆಯವರು ತಮ್ಮ ಕಂಪ್ಯೂಟರುಗಳ ಖಾಲಿ ಜಾಗವನ್ನು ಬಾಡಿಗೆಗೆ ಕೊಡುತ್ತಾರೆ. ಮೊದಲು ಖಾತೆ ತೆರೆದು ಒಂದು ‘ಬಕೆಟ್’ ಮಾಡಬೇಕು. (ಈ ಹೆಸರನ್ನು ಕೇಳಿ ನಮ್ಮ ಅತ್ತಿಗೆ ಬಚ್ಚಲ ಕಡೆ ನೋಡಿದರು.) ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶದ ಮೂಲಕ ಕಳುಹಿಸಿದರೆ, ಚಿತ್ರವು ನಮ್ಮ ಮನೆಯಲ್ಲಿಯೇ ಬೀಗ ಹಾಕಿಸಿಕೊಂಡು, ಚೂರುಚೂರಾಗಿ ಹೊರಡುತ್ತದೆ. ಸಂಸ್ಥೆಯು ಬಹುಕಾಲ ಪ್ರಕಟಿಸುತ್ತ ಬಂದ ಲೆಕ್ಕದಂತೆ 80 ಚೂರುಗಳು; ಅವುಗಳಲ್ಲಿ ಯಾವ 29 ದೊರೆತರೂ ಇಡೀ ಚಿತ್ರ ಮರಳುತ್ತದೆ.

ಇದು ಹೇಗೆ ಸಾಧ್ಯವೆಂದು ನಾನು ಪಟ್ಟು ಹಿಡಿದು ಕೇಳಿದೆ. ಸರಳರೇಖೆಯನ್ನೆಳೆಯಲು ಎರಡು ಬಿಂದು ಸಾಕಷ್ಟೆ. ಅದೇ ರೇಖೆಯ ಮೇಲೆ ಹತ್ತು ಬಿಂದುಗಳನ್ನು ಗುರುತಿಸಿ ಹತ್ತು ಮನೆಗಳಿಗೆ ಹಂಚಿದರೆ, ಯಾವ ಇಬ್ಬರು ಸಿಕ್ಕಿದರೂ ರೇಖೆ ಮತ್ತೆ ಸಿಕ್ಕಿತು. ಉಳಿದ ಎಂಟು ಮನೆಗಳಿಗೆ ಬೆಂಕಿ ಬಿದ್ದರೂ ಚಿಂತೆಯಿಲ್ಲ. ರೀಡ್ ಮತ್ತು ಸಾಲಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಯುಕ್ತಿಯ ತಿರುಳು ಇಷ್ಟೆ.

ಐಪಿಎಫ್ಎಸ್ ಎಂಬ ಇನ್ನೊಂದು ದಾರಿಯೂ ಉಂಟು. ಅಲ್ಲಿ ಚಿತ್ರದ ವಿಳಾಸವು ಚಿತ್ರದಿಂದಲೇ ಹುಟ್ಟುತ್ತದೆ. ಒಂದು ಚುಕ್ಕೆ ಬದಲಾದರೂ ವಿಳಾಸ ಬೇರೆ. ಯಾರಾದರೊಬ್ಬರು ಅದನ್ನು ಕಾಪಾಡಿಕೊಂಡು ಬರಬೇಕು, ಇಲ್ಲವಾದರೆ ಅದು ಮಾಯವಾದೀತು. ಮತ್ತೆ, ಬೀಗವಿಲ್ಲದೆ ಅಲ್ಲಿಟ್ಟ ಚಿತ್ರವನ್ನು ಯಾರೋ ಒಬ್ಬರು ನಕಲು ಮಾಡಿ ಇಟ್ಟುಕೊಂಡರೆ, ಹಿಂದಕ್ಕೆ ಪಡೆಯುವ ಮಾತೇ ಇಲ್ಲ. ಇದನ್ನು ಕೇಳಿದೊಡನೆ ಅತ್ತಿಗೆ ಮೂರನೆಯ ಆಲ್ಬಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅದರಲ್ಲಿ ನಮ್ಮ ಅಜ್ಜಿಯ ಚಿತ್ರವೊಂದಿದೆ. ಕೆಂಪು ಸೀರೆ, ಬೋಳು ತಲೆ. ತೆಗೆಯಬೇಡಿರೆಂದು ಅಜ್ಜಿ ಕೈ ಅಡ್ಡ ಹಿಡಿಯುವ ಮೊದಲೇ ಯಾರೋ ತೆಗೆದುಬಿಟ್ಟದ್ದು. ಅಮ್ಮ ಅದನ್ನು ಇನ್ನೊಂದು ಚಿತ್ರದ ಹಿಂದೆ ಅಡಗಿಸಿಟ್ಟಿದ್ದಳು. ಅಜ್ಜಿಯ ಬೇರೆ ಚಿತ್ರವೇ ಇಲ್ಲ. ಉಳಿಸಲೇಬೇಕು, ಊರಿಗೆಲ್ಲ ತೋರಿಸುವಂತಿಲ್ಲ. ಅಣ್ಣನ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೀಗದೊಳಗೆ ಇರಲಿ, ಲಿಂಕ್ ಮಾಡುವುದಿಲ್ಲ” ಎಂದಳು. ಉಳಿದವಕ್ಕೆಲ್ಲ ಲಿಂಕ್ ಸಿದ್ಧವಾಯಿತು. ಅದಕ್ಕೆ ಗಡುವನ್ನೂ ಇಡಬಹುದಂತೆ.

ದೋಷವಿಲ್ಲವೆಂದಲ್ಲ. ಯಾವ ಚೂರು ಯಾರಲ್ಲಿದೆಯೆಂಬ ಲೆಕ್ಕಪುಸ್ತಕ ಸಂಸ್ಥೆಯ ಕೈಯಲ್ಲೇ ಇದೆ. ಬಾಡಿಗೆ ನಿಂತರೆ ಚಿತ್ರವೂ ನಿಂತಿತು. ಆದುದರಿಂದ ಒಂದು ಪ್ರತಿಯನ್ನು ಮನೆಯ ಹಾರ್ಡ್ ಡಿಸ್ಕಿನಲ್ಲೂ ಇಟ್ಟಿದ್ದೇವೆ. ಇದಕ್ಕಿಂತ ಹೆಚ್ಚಿನದು ಬೀಗದ ಗುಪ್ತಪದದ ಚಿಂತೆ. ಕೀಲಿಯನ್ನು ನಾವೇ ಇಟ್ಟುಕೊಳ್ಳುವ ಕ್ರಮವನ್ನು ಆರಿಸಿದೆವಾದ್ದರಿಂದ, ಅದನ್ನು ಮರೆತರೆ ಸಂಸ್ಥೆಯವರೂ ತೆರೆಯಲಾರರು. 29 ಅಲ್ಲ, 80 ಚೂರುಗಳೂ ಕೈಗೆ ಬಂದರೂ ಪ್ರಯೋಜನವಿಲ್ಲ.

ಅದನ್ನು ಎರಡು ಕಾಗದಗಳಲ್ಲಿ ಶಾಯಿಯಿಂದ ಬರೆದೆವು. ಒಂದು, ಅಣ್ಣನ ಬೀರುವಿನಲ್ಲಿ ಮನೆಯ ಪತ್ರಗಳ ಜೊತೆಗಿದೆ. ಇನ್ನೊಂದನ್ನು ತಂಗಿ ಡಿಸೆಂಬರಿನಲ್ಲಿ ಬಂದಾಗ ಕೈಗೇ ಕೊಡುವುದು. ಅಂಚೆಯಲ್ಲಿ ಕಳುಹಿಸಲು ಅತ್ತಿಗೆ ಒಪ್ಪಲಿಲ್ಲ.