ಯೋಧನ ನಿದ್ರೆಗೆ ಮುಂಜಾವಿನ ಬೆಳಕು

‘ನನಗೆ ನಿದ್ರೆ ಬರುತ್ತಿಲ್ಲ’ ಎಂದು ಹೇಳಿಕೊಳ್ಳುವುದು ಸೈನಿಕನಿಗೆ ಸುಲಭವಲ್ಲ. ದಣಿವನ್ನು ನುಂಗಿಕೊಂಡು ನಿಲ್ಲುವುದೇ ಶೌರ್ಯವೆಂಬ ಭಾವನೆ ಸೇನೆಯಲ್ಲಿಯೂ ಇದೆ, ಅವನ ಮನೆಯಲ್ಲಿಯೂ ಇದೆ. ಈ ಭಾವನೆಗೆ ತೆರಬೇಕಾದ ಬೆಲೆ ಎಂಥದೆಂಬುದನ್ನು ಅಮೆರಿಕದ ನೌಕಾಪಡೆ 2017ರಲ್ಲಿ ಕಂಡಿತು. ಆ ವರ್ಷದ ಜೂನ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅದರ ಎರಡು ಯುದ್ಧನೌಕೆಗಳು ವಾಣಿಜ್ಯ ಹಡಗುಗಳಿಗೆ ಡಿಕ್ಕಿಯಾಗಿ 17 ನಾವಿಕರು ಮಡಿದರು. ತನಿಖೆಯಲ್ಲಿ ಕಂಡುಬಂದ ಕಾರಣಗಳಲ್ಲಿ ಸಿಬ್ಬಂದಿಯ ದಣಿವೂ ಒಂದಾಗಿತ್ತು. ಅನಂತರವೇ ದೇಹದ ದಿನಚಕ್ರಕ್ಕೆ ಹೊಂದುವ ಪಾಳಿಗಳಿಗೆ ಒತ್ತು ದೊರೆಯಿತು. ಸೂರ್ಯನನ್ನೇ ಕಾಣದ ಅಲ್ಲಿಯ ಜಲಾಂತರ್ಗಾಮಿಗಳಲ್ಲಂತೂ ದಶಕಗಳ ಕಾಲ 18 ಗಂಟೆಗಳ ‘ದಿನ’ ರೂಢಿಯಲ್ಲಿತ್ತು. 2014ರ ಸುಮಾರಿಗೆ ಅದನ್ನು 24 ಗಂಟೆಗಳಿಗೆ ಮರಳಿಸತೊಡಗಿದರು.

ಬೆಳಕಿಗೂ ನಿದ್ರೆಗೂ ಇರುವ ನಂಟೇನು? ಕಣ್ಣಿನ ಅಕ್ಷಿಪಟಲದಲ್ಲಿರುವ ಕೆಲವು ವಿಶೇಷ ಕೋಶಗಳ ಮುಖ್ಯ ಕೆಲಸ ಹೊತ್ತು ಎಷ್ಟಾಯಿತೆಂದು ಮಿದುಳಿನ ಗಡಿಯಾರಕ್ಕೆ ತಿಳಿಸುವುದು. ಮುಂಜಾನೆಯ ಬೆಳಕು ಅವುಗಳನ್ನು ಮುಟ್ಟಿದಾಗ ನಿದ್ರೆಯ ಹಾರ್ಮೋನಾದ ಮೆಲಟೋನಿನ್ ತಗ್ಗಿ ಎಚ್ಚರ ಮೂಡುತ್ತದೆ. ರಾತ್ರಿ ಸಕಾಲಕ್ಕೆ ನಿದ್ರೆಯೂ ಬರುತ್ತದೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು ಚಳಿಗಾಲದ ಖಿನ್ನತೆಯನ್ನು ವಿವರಿಸಿ, ಅದಕ್ಕೆ ಬೆಳಕಿನ ಚಿಕಿತ್ಸೆಯನ್ನು ಸೂಚಿಸಿದರು. ಬೆಳಿಗ್ಗೆ 10,000 ಲಕ್ಸ್ ದೀಪದೆದುರು ಅರ್ಧ ಗಂಟೆ ಕುಳಿತುಕೊಳ್ಳುವುದು ಇಂದಿನ ಸಾಮಾನ್ಯ ಕ್ರಮ.

ಜಲಾಂತರ್ಗಾಮಿಯಲ್ಲಿರುವವನಿಗೆ ದೀಪ ಬೇಕು. ನಮಗೆ ಅಂಗಳವೇ ಸಾಕು. ಮನೆಯೊಳಗಿನ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಬಯಲಿನಲ್ಲಿ ಮೋಡ ಕವಿದ ಹಗಲಿನಲ್ಲಿಯೂ ಅದು ಸಾವಿರಾರು ಲಕ್ಸ್. ಆದ್ದರಿಂದ ಸೇನೆಯಿಂದ ನಿವೃತ್ತರಾಗಿ ಮನೆಗೆ ಬಂದವರು ಪ್ರಾತಃಕಾಲದ ಇಷ್ಟಲಿಂಗ ಪೂಜೆಯನ್ನು ಮುಗಿಸಿ, ಹೊತ್ತು ಮೂಡಿದ ಮೇಲೆ ಅರ್ಧ ಗಂಟೆ ಬಯಲಿನಲ್ಲಿ ನಡೆಯುವುದು ಒಳಿತು. ನಿದ್ರೆಗಾಗಿ ಮದ್ಯದ ಮೊರೆಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಸೂರ್ಯನನ್ನು ಮಾತ್ರ ದಿಟ್ಟಿಸಿ ನೋಡಬಾರದು.

ಆದರೆ ಬೆಳಕು ಸರ್ವರೋಗಕ್ಕೂ ಮದ್ದಲ್ಲ. ಕಣ್ಣಿನ ಕಾಯಿಲೆಯುಳ್ಳವರು, ಉನ್ಮಾದ ಮತ್ತು ಖಿನ್ನತೆಗಳೆರಡೂ ಮರಳಿ ಮರಳಿ ಬರುವವರು ದೀಪದ ಚಿಕಿತ್ಸೆಗೆ ಮುನ್ನ ವೈದ್ಯರನ್ನು ಕೇಳಲೇಬೇಕು. ರಾತ್ರಿಪಾಳಿಯವರಿಗೆ ಬೆಳಕಿನ ವೇಳೆಯೇ ಬೇರೆ. ಯುದ್ಧದ ದುಃಸ್ವಪ್ನಗಳಿಂದ ಬೆಚ್ಚಿ ಏಳುವವರಿಗೆ ಮನೋವೈದ್ಯರ ನೆರವು ಅಗತ್ಯ.

ಕಾಯಕವನ್ನು ಪೂಜೆಯೆಂದೇ ಬಗೆದ ಪರಂಪರೆ ನಮ್ಮದು. ಕಾಯ ಬಳಲಿದರೆ ಕಾಯಕ ನಡೆಯದು. ಗಡಿಯಲ್ಲಿ ನಮಗಾಗಿ ಎಚ್ಚರವಿದ್ದವನು ಮನೆಯಲ್ಲಿಯೂ ನಿದ್ರೆಯಿಲ್ಲದೆ ಹೊರಳುತ್ತಿದ್ದರೆ ಅವನನ್ನು ದುರ್ಬಲನೆನ್ನಬಾರದು. ‘ಬನ್ನಿ, ಒಂದಿಷ್ಟು ನಡೆದು ಬರೋಣ’ ಎಂದು ನಾಳೆ ಬೆಳಿಗ್ಗೆ ಅವನನ್ನು ಕರೆಯುವುದೂ ಒಂದು ದಾಸೋಹವೇ.