ನಮ್ಮ ದುಡ್ಡಿಗೂ ಒಂದು ತಾರೀಖು ಕೊಡಿಸಿ

ಮಾನ್ಯ ಮುಖ್ಯಮಂತ್ರಿಗಳೇ,

ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆಯ ಶೆಡ್ಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎರಡು ಸಿಎನ್‌ಸಿ, ಎರಡು ಲೇತ್, ಒಂದು ಮಿಲ್ಲಿಂಗ್, ಒಂದು ಡ್ರಿಲ್ಲಿಂಗ್ ಮೆಷಿನ್, ಒಂಬತ್ತು ಜನ ಕೆಲಸಗಾರರು. ಸರ್ಕಾರದ ಕಡತದಲ್ಲಿ ನಾನು ‘ಸೂಕ್ಷ್ಮ ಉದ್ದಿಮೆ’. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಕೋಟಿ ವಹಿವಾಟಿನವರೆಗೂ ಸೂಕ್ಷ್ಮವೇ ಎಂದು ಕೇಂದ್ರದವರು ಲೆಕ್ಕ ಬದಲಿಸಿದ ಮೇಲೆ ನಾನು ಸೂಕ್ಷ್ಮರಲ್ಲೇ ಸೂಕ್ಷ್ಮ.

ಎದುರಿನ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಡುತ್ತಿದೆ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ ತಾರೀಖುಗಳಿವೆ. 5ಕ್ಕೆ ಬ್ಯಾಂಕಿನ ಕಂತು. 7ರೊಳಗೆ ಸಂಬಳ. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿ. ನಡುವೆ ಎಲ್ಲೋ ಕರೆಂಟ್ ಬಿಲ್. ಒಂದೊಂದು ತಾರೀಖಿನ ಹಿಂದೆಯೂ ಒಂದೊಂದು ಕಾಯ್ದೆ ನಿಂತಿದೆ, ತಪ್ಪಿದರೆ ದಂಡ, ಬಡ್ಡಿ, ನೋಟಿಸು. ನಾನು ಮಾಡಿಕೊಟ್ಟ ಮಾಲಿನ ದುಡ್ಡು ನನ್ನ ಕೈಗೆ ಬರುವ ದಿನಕ್ಕೆ ಮಾತ್ರ ಆ ಕ್ಯಾಲೆಂಡರಿನಲ್ಲಿ ಸುತ್ತಿಲ್ಲ. ಅದು ಯಾವತ್ತೆಂದು ನನಗೂ ಗೊತ್ತಿಲ್ಲ.

‘ಕೆಲಸ ಕೇಳುವವರಾಗಬೇಡಿ, ಕೆಲಸ ಕೊಡುವವರಾಗಿ’ ಎಂದು ಎಲ್ಲ ಪಕ್ಷದವರೂ ವೇದಿಕೆ ಮೇಲೆ ಹೇಳುತ್ತೀರಿ. ಆ ಮಾತನ್ನು ನಂಬಿದವನು ನಾನು. ನಂಬಲು ನನಗೆ ನನ್ನದೇ ಕಾರಣವೂ ಇತ್ತು.

ನಮ್ಮಪ್ಪ ತುರುವೇಕೆರೆ ಕಡೆ ಒಡೆಯರ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದವರು. ಕಣದಲ್ಲಿ ರಾಶಿ ಆದ ದಿನ ಒಡೆಯರ ಪಾಲು ಮೊದಲು ಎದ್ದು ಹೋಗುತ್ತಿತ್ತು. ಉಳಿದದ್ದರಲ್ಲಿ ಹಿಂದಿನ ವರ್ಷದ ಸಾಲ ಮುರಿದುಕೊಂಡ ಮೇಲೆ ಮನೆಗೆ ಬರುತ್ತಿದ್ದದ್ದು ನೆಲ್ಲಿಗಿಂತ ಹುಲ್ಲೇ ಜಾಸ್ತಿ ಎಂದು ಅವ್ವ ಹೇಳುತ್ತಿದ್ದರು. 1974ರಲ್ಲಿ ದೇವರಾಜ ಅರಸರ ಭೂ ಸುಧಾರಣೆ ಬಂತು. ಗೇಣಿದಾರರ ಅರ್ಜಿ ಫಾರಂ ನಂಬರ್ 7, ಅಪ್ಪ ಅದನ್ನು ಹಾಕಿದರು. ಒಂದೂವರೆ ಎಕರೆ ಅವರ ಹೆಸರಿಗೆ ಬಂತು. ಮೊದಲ ವರ್ಷ ರಾಶಿ ಪೂರ್ತಿ ಮನೆಗೆ ಬಂದಾಗ ಅದನ್ನು ಎಲ್ಲಿಡುವುದೆಂದು ತಿಳಿಯದೆ ದೇವರ ಕೋಣೆಯಲ್ಲೂ ಸುರಿದಿದ್ದರಂತೆ.

ಒಡೆತನ ಅಂದರೆ ಏನು ಎಂದು ನನಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. ತುಮಕೂರಿನಲ್ಲಿ ಐಟಿಐ ಟರ್ನರ್ ಮುಗಿಸಿ ಬೆಂಗಳೂರಿಗೆ ಬಂದೆ. ಹನ್ನೊಂದು ವರ್ಷ ಇನ್ನೊಬ್ಬರ ಶೆಡ್ಡಿನಲ್ಲಿ ದುಡಿದು, 1998ರಲ್ಲಿ ಒಂದು ಹಳೇ ಎಚ್‌ಎಂಟಿ ಲೇತ್ ಕೊಂಡು ಸ್ವಂತಕ್ಕೆ ನಿಂತೆ. ಆಯುಧಪೂಜೆ ದಿನ ಅದಕ್ಕೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆದಾಗ ಅಪ್ಪ ಊರಿಂದ ಬಂದಿದ್ದರು. ಲೇತಿನ ಬೆಡ್ ಮೇಲೆ ಕೈಯಾಡಿಸಿ, ‘ಇದಕ್ಕೆ ವಾರ ಯಾರಿಗೂ ಕೊಡಂಗಿಲ್ವಲ್ಲ?’ ಎಂದು ಕೇಳಿದರು. ‘ಇಲ್ಲ ಕಣಪ್ಪ’ ಅಂದೆ.

ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ನಾನು ಹೇಳಿದ್ದು ಸುಳ್ಳು.

ನನ್ನ ದೊಡ್ಡ ಗಿರಾಕಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಆರ್ಡರ್ ನಿಂತುಹೋಗುತ್ತದೆ. ಹಾಗೆ ಬರೆಯಲಾಗದೆ ಇರುವುದೇ ಈ ಪತ್ರದ ವಿಷಯ ಎಂದು ಬೇಕಾದರೆ ತಿಳಿದುಕೊಳ್ಳಿ. ಅವರ ಪರ್ಚೇಸ್ ಆರ್ಡರಿನ ಕೆಳಗೆ ಸಣ್ಣಕ್ಷರದಲ್ಲಿ ‘ಪೇಮೆಂಟ್ 90 ದಿನ’ ಎಂದು ಅಚ್ಚಾಗಿರುತ್ತದೆ. ಆ 90 ದಿನ ನಾನು ಮಾಲು ಇಳಿಸಿದ ದಿನದಿಂದ ಶುರುವಾಗುವುದಿಲ್ಲ, ಅವರ ಕಂಪ್ಯೂಟರಿನಲ್ಲಿ ಜಿಆರ್‌ಎನ್, ಅಂದರೆ ಮಾಲು ಮುಟ್ಟಿದ ರಸೀದಿ, ಹುಟ್ಟಿದ ದಿನದಿಂದ. ಅದು ಹುಟ್ಟಬೇಕಾದರೆ ಗುಣಮಟ್ಟದ ತಪಾಸಣೆ, ಕ್ಯೂಸಿ, ಆಗಬೇಕು, ಕ್ಯೂಸಿಯವನು ರಜೆ ಮುಗಿಸಿ ಬರಬೇಕು. ಇನ್ನೂರು ಪೀಸಿನಲ್ಲಿ ಎರಡು ರಿಜೆಕ್ಟ್ ಆದರೆ ಇಡೀ ಬಿಲ್ಲು ಹೋಲ್ಡ್. ಎಲ್ಲ ದಾಟಿ ಅಕೌಂಟ್ಸ್‌ಗೆ ಹೋದರೆ, ‘ಈ ಸಲದ ಪೇಮೆಂಟ್ ರನ್ ಮುಗೀತು ಸಾರ್, ಮುಂದಿನದರಲ್ಲಿ ನೋಡೋಣ.’ ದಸರಾಕ್ಕೆ ಮಾತ್ರ ತಪ್ಪದೆ ಒಂದು ಸ್ವೀಟ್ ಬಾಕ್ಸ್ ಕಳಿಸುತ್ತಾರೆ.

ಹಾಗಾದರೆ ಕಾಯ್ದೆ ಇಲ್ಲವೇ? ಇದೆ, ಅದೂ ಎಂಥ ಗಟ್ಟಿ ಕಾಯ್ದೆ! 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಯಿಂದ ಮಾಲು ಕೊಂಡವನು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಇಬ್ಬರೂ ಒಪ್ಪಿ 90 ದಿನ ಎಂದು ಬರೆದುಕೊಂಡಿದ್ದರೂ ಅದು ನಡೆಯುವುದಿಲ್ಲ. ಬರೆದುಕೊಂಡೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರು ಕೊಟ್ಟರೆ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ 90 ದಿನದಲ್ಲಿ ತೀರ್ಮಾನ ಮಾಡಬೇಕು. ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕೆಂದರೆ ಕೊಂಡವನು ಮೊದಲು ಅದರ ಮೊತ್ತದ ಶೇ. 75ನ್ನು ಠೇವಣಿ ಇಡಬೇಕು.

ಇಷ್ಟೆಲ್ಲ ಬರೆದವರು ಒಂದನ್ನು ಮರೆತರು. ಈ ಚಕ್ರ ತಿರುಗಬೇಕಾದರೆ ಮೊದಲು ನಾನು ನನ್ನ ಗಿರಾಕಿಯ ಮೇಲೆ ದೂರು ಕೊಡಬೇಕು. ವರ್ಷದ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಕೊಡುವ ಗಿರಾಕಿಯ ಮೇಲೆ! ಒಮ್ಮೆ, ದೂರಲ್ಲ, ಬರೀ ಒಂದು ಮೇಲ್ ಕಳಿಸಿದ್ದೆ: ‘ಕಾಯ್ದೆ ಪ್ರಕಾರ 45 ದಿನ ಆಗಿದೆ, ದಯವಿಟ್ಟು ಗಮನಿಸಿ.’ ಯಾರೂ ಬೈಯಲಿಲ್ಲ. ಮುಂದಿನ ಎರಡು ತಿಂಗಳು ಆರ್ಡರ್ ಬರಲಿಲ್ಲ, ಅಷ್ಟೆ. ಮೂರನೇ ತಿಂಗಳು ನಾನೇ ಹೋಗಿ ರಿಸೆಪ್ಷನ್ನಿನಲ್ಲಿ ಎರಡು ಗಂಟೆ ಕೂತು, ಪರ್ಚೇಸ್ ಮ್ಯಾನೇಜರ್ ಎದುರು ಹಲ್ಲು ಕಿರಿದು ಬಂದೆ. ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವನಿರಬಹುದು ಆ ಹುಡುಗ. ಒಡೆಯರ ಜಗಲಿಯ ಕೆಳಗೆ ಅಪ್ಪ ನಿಲ್ಲುತ್ತಿದ್ದ ಭಂಗಿ ನನಗೆ ಅಷ್ಟು ಚೆನ್ನಾಗಿ ನೆನಪಿದೆ ಎಂದು ಅವತ್ತೇ ಗೊತ್ತಾದದ್ದು.

2023ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಹೊಸ ಕಲಂ ಸೇರಿಸಿತು. ನಮ್ಮಂಥವರಿಗೆ ಅವಧಿ ಮೀರಿ ಬಾಕಿ ಉಳಿಸಿಕೊಂಡರೆ ಆ ವರ್ಷದ ಖರ್ಚಿನಲ್ಲಿ ಅದನ್ನು ತೋರಿಸುವಂತಿಲ್ಲ. ಒಳ್ಳೆಯದೇ. ಆದರೆ ಎಷ್ಟೇ ತಡವಾದರೂ ಅದೇ ಹಣಕಾಸು ವರ್ಷದೊಳಗೆ ಕೊಟ್ಟುಬಿಟ್ಟರೆ ತೆರಿಗೆಯವರ ತಕರಾರಿಲ್ಲ. ಹಾಗಾಗಿ ಈಗ ವರ್ಷಕ್ಕೊಂದು ಸಲ, ಮಾರ್ಚ್ ಮೂರನೇ ವಾರದಲ್ಲಿ, ಅಕೌಂಟ್ಸಿನಿಂದ ಅವರೇ ಫೋನು ಮಾಡುತ್ತಾರೆ: ‘ಸಾರ್, ನಿಮ್ಮ ಬಾಕಿ ಎಷ್ಟಿದೆ, ಹೇಳ್ತೀರಾ?’ ಎಂಥ ಮರ್ಯಾದೆ! ಏಪ್ರಿಲ್ ಬಂದರೆ ಅದೇ ನಂಬರ್ ಎತ್ತುವುದಿಲ್ಲ. ಇನ್ನೊಂದು ಕಂಪನಿಯವರು ಮೊದಲ ವರ್ಷವೇ ‘ನಿಮ್ಮ ಉದ್ಯಮ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸಿಬಿಡಿ, ನಮಗೂ ನಿಮಗೂ ತಲೆನೋವು ತಪ್ಪುತ್ತೆ’ ಎಂದು ಬುದ್ಧಿ ಹೇಳಿದರು. ಸಣ್ಣವನು ಎಂಬ ಸರ್ಟಿಫಿಕೇಟ್ ಇರುವುದೇ ತಪ್ಪು ಎಂಬಂತೆ.

ಈ ತಡದ ಬೆಲೆ ಎಷ್ಟು ಗೊತ್ತೇ? 4 ಲಕ್ಷದ ಬಿಲ್ಲು ಮೂರು ತಿಂಗಳು ಹೆಚ್ಚಿಗೆ ಸಿಕ್ಕಿಹಾಕಿಕೊಂಡರೆ, ನನ್ನ ಓವರ್‌ಡ್ರಾಫ್ಟ್ ಖಾತೆಯ ನೂರಕ್ಕೆ 12ರ ಬಡ್ಡಿಯಲ್ಲಿ 12 ಸಾವಿರ ಹೋಗುತ್ತದೆ. ಆ ಬಿಲ್ಲಿನಲ್ಲಿ ನನ್ನ ಲಾಭ, ಕೆಲಸ ಚೆನ್ನಾಗಿ ನಡೆದರೆ, 32 ಸಾವಿರ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಣದಿಂದಲೇ ಎದ್ದು ಹೋಯಿತು. ಇದನ್ನು ವಾರ ಎನ್ನದೆ ಏನೆನ್ನಲಿ? ಇನ್ನೂ ಒಂದು ತಮಾಷೆ ಇದೆ. ಬ್ಯಾಂಕಿನ ಕಂತು 90 ದಿನ ದಾಟಿದರೆ ನನ್ನ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಅಡ ಇಟ್ಟಿರುವ ಮನೆಗೆ ನೋಟಿಸು. ಅದೇ 90 ದಿನ ದೊಡ್ಡ ಕಂಪನಿಯ ಕಾಗದದಲ್ಲಿ ‘ಷರತ್ತು’.

ಇದಕ್ಕೆಲ್ಲ ಸರ್ಕಾರಗಳ ಉತ್ತರ ಒಂದೇ, ಸಾಲ. 2015ರಲ್ಲಿ ಕೇಂದ್ರದ ಮುದ್ರಾ ಸಾಲ ಯೋಜನೆ ಬಂದಾಗ 10 ಲಕ್ಷದವರೆಗೆ ಇತ್ತು, 2024ರಲ್ಲಿ ಅದನ್ನು 20 ಲಕ್ಷಕ್ಕೆ ಏರಿಸಿದರು. ಬಿಲ್ಲುಗಳನ್ನು ಮೊದಲೇ ನಗದು ಮಾಡಿಕೊಳ್ಳಲು ಟ್ರೆಡ್ಸ್ ಎಂಬ ವ್ಯವಸ್ಥೆಯೂ ಇದೆ. 250 ಕೋಟಿ ಮೇಲಿನ ವಹಿವಾಟಿನ ಕಂಪನಿಗಳು ಅದಕ್ಕೆ ಸೇರಲೇಬೇಕು. ಸೇರಿದ್ದಾರೆ. ನನ್ನ ಬಿಲ್ಲನ್ನು ಅಲ್ಲಿ ಒಪ್ಪಿಕೊಳ್ಳುವುದು ಬಿಡುವುದು ಮಾತ್ರ ಅವರ ಇಷ್ಟ. ಸ್ವಾಮಿ, ನನಗೆ ಬೇಕಾಗಿರುವುದು ಇನ್ನೊಂದು ಸಾಲವಲ್ಲ. ಇನ್ನೊಬ್ಬರ ಹತ್ತಿರ ಇರುವ ನನ್ನದೇ ದುಡ್ಡು.

ನಾನೂ ಸಾಚಾ ಅಲ್ಲ. ನನ್ನ ಶಾಫ್ಟ್‌ಗಳಿಗೆ ಹಾರ್ಡನಿಂಗ್ ಮಾಡಿಕೊಡುವ ಒಬ್ಬರಿದ್ದಾರೆ, ರಾಜಗೋಪಾಲನಗರದಲ್ಲಿ. ಅವರಿಗೆ ನಾನು ಎರಡು ತಿಂಗಳ ಬಾಕಿ. ಮೊನ್ನೆ ಅವರ ಫೋನು ಬಂದಾಗ ಎತ್ತಲಿಲ್ಲ. ಮೇಲಿನಿಂದ ಇಳಿದು ಬಂದ ತಡ ನನ್ನ ಹತ್ತಿರ ನಿಲ್ಲುವುದಿಲ್ಲ, ಇನ್ನೂ ಕೆಳಕ್ಕೆ, ಇನ್ನೂ ಬಡವನ ಹತ್ತಿರಕ್ಕೆ ಹೋಗುತ್ತದೆ. ಅವರ ಕುಲುಮೆಯ ಹುಡುಗನಿಗೆ ಸಂಬಳ ತಡವಾದರೆ ಅದರಲ್ಲಿ ನನ್ನ ಪಾಲೂ ಇದೆ.

ಈ ತಡವನ್ನು ತಾಳಿಕೊಳ್ಳುವವರು ಯಾರು ಎಂದು ಸುತ್ತ ನೋಡಿ. ಅಪ್ಪನ ದುಡ್ಡಿರುವವರು, ಮಾವನ ಮನೆ ಗಟ್ಟಿ ಇರುವವರು, ಮೂರು ತಿಂಗಳು ಕೈಸಾಲ ಕೊಡಬಲ್ಲ ಕುಳಗಳು ತಮ್ಮ ಜಾತಿಯಲ್ಲಿ ಇರುವವರು. ಮನೆತನದಲ್ಲೇ ಮೊದಲ ಸಲ ಬೋರ್ಡು ಹಾಕಿದವರು ಎರಡನೇ ವರ್ಷಕ್ಕೆ ಶಟರ್ ಎಳೆಯುತ್ತಾರೆ. ನಮ್ಮ ಹಿಂದಿನ ರಸ್ತೆಯಲ್ಲಿ ದಲಿತ ಹೆಣ್ಣುಮಗಳೊಬ್ಬಳು ಗ್ಯಾಸ್ಕೆಟ್ ಕತ್ತರಿಸುವ ಘಟಕ ಹಾಕಿದ್ದಳು. ಕೇಂದ್ರದ ಖರೀದಿ ನೀತಿಯಲ್ಲಿ ಸಣ್ಣವರಿಂದ ಶೇ. 25 ಕೊಳ್ಳಬೇಕು, ಅದರೊಳಗೆ ಪರಿಶಿಷ್ಟರಿಂದ ಶೇ. 4, ಮಹಿಳೆಯರಿಂದ ಶೇ. 3 ಎಂದಿದೆ. ಆರ್ಡರಿಗೆ ಮೀಸಲಾತಿ ಉಂಟು, ಪೇಮೆಂಟಿಗೆ ಇಲ್ಲ. ಹದಿನಾಲ್ಕು ತಿಂಗಳಿಗೆ ಮುಚ್ಚಿದಳು. ಈಗ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಬಸ್‌ಸ್ಟಾಪಿನಲ್ಲಿ ಸಿಕ್ಕಾಗ, ‘ಒಂದನೇ ತಾರೀಖು ಸಂಬಳ ಬರುತ್ತೆ ಅಣ್ಣ, ರಾತ್ರಿ ನಿದ್ದೆ ಬರುತ್ತೆ’ ಅಂದಳು. ಕೆಲಸ ಕೊಡುತ್ತಿದ್ದವಳು ಕೆಲಸ ಕೇಳಿಕೊಂಡು ಹೋದ ಕಥೆ ಇದು. ನಿಮ್ಮ ಭಾಷಣ ತಲೆಕೆಳಗಾಗಿದೆ.

ಕಾಯ್ದೆ ಕೇಂದ್ರದ್ದು, ಹಾಗಂತ ನಿಮ್ಮ ಕೈಯಲ್ಲಿ ಏನೂ ಇಲ್ಲ ಎನ್ನಬೇಡಿ. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರ ಯುಪಿಐ ಲೆಕ್ಕ ತೆಗೆದು ನೋಟಿಸು ಕೊಟ್ಟದ್ದು ನಿಮ್ಮ ವಾಣಿಜ್ಯ ತೆರಿಗೆ ಇಲಾಖೆಯೇ. ಹಾವೇರಿಯ ತರಕಾರಿ ಅಂಗಡಿಗೂ ಹೋಯಿತು ನೋಟಿಸು. ಊರ ತುಂಬ ‘ಕ್ಯಾಶ್ ಮಾತ್ರ’ ಎಂಬ ಬೋರ್ಡು ಎದ್ದ ಮೇಲೆ ವ್ಯಾಪಾರಿಗಳ ಸಭೆ ಕರೆದು ಹಳೇ ಬಾಕಿ ಕೇಳುವುದಿಲ್ಲ ಎನ್ನಬೇಕಾಯಿತು. ಹತ್ತು ರೂಪಾಯಿ ಟೀಯ ಹಿಂದೆ ನಾಲ್ಕು ವರ್ಷದ ಲೆಕ್ಕ ಓದಬಲ್ಲ ಕಣ್ಣು ಸರ್ಕಾರಕ್ಕಿದೆ. ಅದು ಯಾವಾಗಲೂ ಕೆಳಗೇ ನೋಡುತ್ತದೆ ಏಕೆ? ಸಣ್ಣವರಿಗೆ 45 ದಿನ ಮೀರಿ ಬಾಕಿ ಇಟ್ಟ ಕಂಪನಿಗಳು ಯಾರಿಗೆ, ಎಷ್ಟು, ಯಾಕೆ ಎಂದು ಆರು ತಿಂಗಳಿಗೊಮ್ಮೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಬರೆದುಕೊಡಬೇಕು. 2019ರಿಂದ ಈ ನಿಯಮವಿದೆ. ಆ ಪಟ್ಟಿ ತರಿಸಿಕೊಳ್ಳಿ. ನಮ್ಮ ದೂರಿಗೆ ಕಾಯದೆ ನೀವೇ ಅವರ ಬಾಗಿಲು ತಟ್ಟಿ. ನಿಮ್ಮ ನಿಗಮಗಳಲ್ಲೂ ಬಹಳಷ್ಟು ಕಂಪನಿ ಕಾಯ್ದೆಯಡಿ ಹುಟ್ಟಿದವೇ. ಅವುಗಳಿಂದಲೇ ಶುರುವಾಗಲಿ. ಯಾರ ಬಿಲ್ಲು, ಬಂದ ದಿನ, ಕೊಟ್ಟ ದಿನ, ಇಷ್ಟನ್ನು ತಿಂಗಳಿಗೊಮ್ಮೆ ವೆಬ್‌ಸೈಟಿನಲ್ಲಿ ಹಾಕಿ. 46ನೇ ದಿನದಿಂದ ಬಡ್ಡಿಯನ್ನು ಕೇಳದೆಯೇ ಸೇರಿಸಿ ಕೊಡಿ.

ಇನ್ನೊಂದು ದೊಡ್ಡದಿದೆ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ಹೂಡಿಕೆದಾರರ ಸಮಾವೇಶ ನಡೆಯಿತು. 10.27 ಲಕ್ಷ ಕೋಟಿ ಬಂಡವಾಳದ ಮಾತು ಆಯಿತೆಂದು ಸರ್ಕಾರವೇ ಹೇಳಿತು. ಆ ಬಂಡವಾಳಕ್ಕೆ ನೀವು ಜಾಗ ಕೊಡುತ್ತೀರಿ, ನೀರು ಕೊಡುತ್ತೀರಿ, ಸಬ್ಸಿಡಿ ಕೊಡುತ್ತೀರಿ. ಆ ಕಾಗದಗಳಲ್ಲಿ ಒಂದು ಸಾಲು ಸೇರಿಸಿ: ಸೂಕ್ಷ್ಮ, ಸಣ್ಣ ಉದ್ದಿಮೆಗಳಿಗೆ 45 ದಿನದಲ್ಲಿ ಹಣ ಕೊಟ್ಟ ಬಗ್ಗೆ ಆಡಿಟರ್ ಪ್ರಮಾಣಪತ್ರ ಇಲ್ಲದಿದ್ದರೆ ಆ ವರ್ಷದ ಸಬ್ಸಿಡಿ ಇಲ್ಲ. ಇದಕ್ಕೆ ದೆಹಲಿಯನ್ನು ಕೇಳಬೇಕಾಗಿಲ್ಲ. ಕೊಡುವವರು ನೀವು, ಷರತ್ತೂ ನಿಮ್ಮದೇ.

ಅರಸರು ಮಾಡಿದ್ದು ಏನು? ‘ನಿನಗೆ ಅನ್ಯಾಯವಾದರೆ ಹೋಗಿ ಒಡೆಯನ ಮೇಲೆ ಕೇಸು ಹಾಕು’ ಎಂದು ಗೇಣಿದಾರನನ್ನು ಒಬ್ಬಂಟಿ ಬಿಡಲಿಲ್ಲ. ತಾಲ್ಲೂಕಿಗೆ ಭೂ ನ್ಯಾಯಮಂಡಳಿ ತಂದು ಕೂರಿಸಿದರು. ವಕೀಲರ ಮಾತಿನ ಮುಂದೆ ರೈತ ತೊದಲಬಾರದೆಂದು ಆರಂಭದಲ್ಲಿ ಅಲ್ಲಿ ವಕೀಲರಿಗೇ ಪ್ರವೇಶವಿರಲಿಲ್ಲ. ಆಗಲೂ ಹೆದರಿ ಫಾರಂ ಹಾಕದವರಿದ್ದರು. ಅಪ್ಪ ಹಾಕಿದ್ದು ಊರಿನ ಹನ್ನೆರಡು ಜನ ಒಟ್ಟಿಗೆ ಹೋದದ್ದರಿಂದ, ಮತ್ತು ಆ ಕಡೆ ಮೇಜಿನ ಹಿಂದೆ ಸರ್ಕಾರ ಕೂತಿದೆ ಎಂಬ ನಂಬಿಕೆಯಿಂದ.

ನನ್ನ ಒಂದು ಬಿಲ್ಲಿಗೆ ಇವತ್ತಿಗೆ 118 ದಿನವಾಯಿತು. ಮೊತ್ತ 4 ಲಕ್ಷ, ಅದರ ಮೇಲೆ ಜಿಎಸ್‌ಟಿ 72 ಸಾವಿರ. ಮಾಲು ಇಳಿಸಿದ ಮುಂದಿನ ತಿಂಗಳು 20ನೇ ತಾರೀಖು, ಉಕ್ಕು ಕೊಳ್ಳುವಾಗ ಕಟ್ಟಿದ್ದ ಜಿಎಸ್‌ಟಿಯನ್ನು ಕಳೆದು, ಉಳಿದದ್ದನ್ನು ಕೈಯಿಂದ ಕಟ್ಟಿದ್ದೇನೆ. ಅದರಲ್ಲಿ ಅರ್ಧ ನಿಮ್ಮ ಖಜಾನೆಗೆ ಸೇರಿ ಹೆಚ್ಚುಕಡಿಮೆ ಮೂರು ತಿಂಗಳಾಯಿತು.

ಇಂತಿ,
ಪೀಣ್ಯದ ಒಬ್ಬ ಟರ್ನರ್